ಉದ್ಯಾನದ ಕಾಮಗಾರಿಗೂ ಮಳೆನೀರಿನ ಪರವಾನಗಿ ಬೇಕೆ?

ಊರಿಗೊಂದು ಹೊಸ ಉದ್ಯಾನ ಬರುತ್ತದೆ ಎಂದರೆ ಬೇಡ ಎನ್ನುವವರು ಕಡಿಮೆ. ಹಸಿರು ಬೆಳೆಸುವ ಕೆಲಸಕ್ಕೆ ಪರಿಸರದ ಪರವಾನಗಿ ಯಾಕೆ ಎಂದು ಕೇಳುವುದೂ ಸಹಜವೇ. ಅಮೆರಿಕದ ಕಾನೂನು ಇದಕ್ಕೆ ಕೊಟ್ಟಿರುವ ಉತ್ತರ ಸರಿಯಾದದ್ದು ಎಂದೇ ನನ್ನ ಅಭಿಪ್ರಾಯ. ಆ ಕಾನೂನು ಮೊದಲು ನೋಡುವುದು ಅಗೆಯುವ ನೆಲದ ಅಳತೆಯನ್ನು. ಅದರ ಮೇಲೆ ಏನು ಎದ್ದು ನಿಲ್ಲುತ್ತದೆ ಎಂಬುದು ಆಮೇಲಿನ ಮಾತು. 1972ರ ಶುದ್ಧ ಜಲ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಮಳೆನೀರಿಗೂ ಪರವಾನಗಿಯ ವ್ಯವಸ್ಥೆ ಮಾಡಿದರು. 1990ರ ನಿಯಮ ಐದು ಎಕರೆ ಮತ್ತು ಅದಕ್ಕೂ ದೊಡ್ಡ ಕಾಮಗಾರಿಗಳಿಗೆ ಅನ್ವಯಿಸಿತ್ತು. 1999ರ ನಿಯಮ ಆ ಮಿತಿಯನ್ನು ಒಂದು ಎಕರೆಗೆ ಇಳಿಸಿತು. ಮಾಲ್ ಆಗಲಿ, ಬಡಾವಣೆಯಾಗಲಿ, ನಗರಾಡಳಿತವೇ ಮಾಡಿಸುವ ಉದ್ಯಾನವಾಗಲಿ, ಎಲ್ಲಕ್ಕೂ ಅದೇ ಲೆಕ್ಕ.

ಕಾರಣ ಮಣ್ಣಿನಲ್ಲಿದೆ. ಹುಲ್ಲು ಕಿತ್ತು, ಬೇರು ಬಿಡಿಸಿ, ಜೆಸಿಬಿ ಹರಿಸಿದ ನೆಲದಿಂದ ಮಳೆಗೆ ಕೊಚ್ಚಿಹೋಗುವ ಮಣ್ಣು ಕೃಷಿಭೂಮಿಯದ್ದಕ್ಕಿಂತ 10ರಿಂದ 20 ಪಟ್ಟು, ಕಾಡಿನದ್ದಕ್ಕಿಂತ 1,000ದಿಂದ 2,000 ಪಟ್ಟು ಹೆಚ್ಚು ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಒಂದು ಎಕರೆ ಮೇಲೆ ಒಂದೇ ಅಂಗುಲ ಮಳೆ ಬಿದ್ದರೂ ಅದು ಒಂದು ಲಕ್ಷ ಲೀಟರಿಗೂ ಮಿಕ್ಕಿದ ನೀರು. ಆ ನೀರಿನೊಡನೆ ಹೋದ ಕೆಸರು ಮೀನು ಮೊಟ್ಟೆಯಿಡುವ ತಳವನ್ನು ಮುಚ್ಚುತ್ತದೆ, ಮಣ್ಣಿಗೆ ಅಂಟಿಕೊಂಡ ರಂಜಕ ಪಾಚಿ ಬೆಳೆಸುತ್ತದೆ. ಉದ್ಯಾನಗಳ ವಿಷಯದಲ್ಲಿ ಅಪಾಯ ಇನ್ನೂ ಒಂದು ಕೈ ಹೆಚ್ಚು. ನಗರಗಳು ಉದ್ಯಾನಕ್ಕೆ ಆರಿಸಿಕೊಳ್ಳುವುದು ಎಷ್ಟೋ ಸಲ ನೀರಿನ ಅಂಚನ್ನೋ ಹಾಳುಬಿದ್ದ ಕೈಗಾರಿಕಾ ಜಾಗವನ್ನೋ. ಸಿಯಾಟಲ್‌ನಲ್ಲಿ ಯೂನಿಯನ್ ಸರೋವರದ ದಡದ ಗ್ಯಾಸ್ ವರ್ಕ್ಸ್ ಪಾರ್ಕ್ ಹಿಂದೆ ಕಲ್ಲಿದ್ದಲಿನಿಂದ ಅನಿಲ ತಯಾರಿಸುತ್ತಿದ್ದ ಘಟಕ. 1975ರಲ್ಲಿ ಉದ್ಯಾನವಾಗಿ ತೆರೆದರೂ ನೆಲದೊಳಗಿನ ಟಾರು ಅಲ್ಲೇ ಉಳಿದಿತ್ತು. ಅಂಥಲ್ಲಿ ಅಗೆದ ಮಣ್ಣನ್ನು ಮಳೆಗೆ ಬಿಟ್ಟರೆ ಗತಿಯೇನು?

ಪರವಾನಗಿ ಕೇಳುವ ಕೆಲಸಗಳು ಕಷ್ಟದವಲ್ಲ. ಕಾಮಗಾರಿಯ ತಗ್ಗಿನ ಅಂಚಿಗೆ ಗೂಟ ನೆಟ್ಟು ಬಟ್ಟೆಯ ಬೇಲಿ ಕಟ್ಟಬೇಕು. ಅದರ ಬುಡವನ್ನು ನೆಲದೊಳಗೆ ಹೂತಿರಬೇಕು, ಇಲ್ಲವಾದರೆ ಕೆಸರುನೀರು ಅಡಿಯಿಂದಲೇ ನುಸುಳುತ್ತದೆ. ಲಾರಿ ಹೊರಬರುವ ದಾರಿಗೆ ದಪ್ಪ ಜಲ್ಲಿ ಹಾಸಬೇಕು, ಚಕ್ರದ ಮಣ್ಣು ಅಲ್ಲೇ ಉದುರಬೇಕು. ಹತ್ತಿರದ ಚರಂಡಿಯ ಬಾಯಿಗೆ ತಡೆ ಇರಬೇಕು. ಕೆಲಸ ನಿಂತ ಭಾಗವನ್ನು ಹುಲ್ಲು ಬಿತ್ತಿಯೋ ಒಣಹುಲ್ಲು ಹೊದಿಸಿಯೋ ಬೇಗ ಮುಚ್ಚಬೇಕು. ಏಳು ದಿನಕ್ಕೊಮ್ಮೆ, ಇಲ್ಲವೇ ಹದಿನಾಲ್ಕು ದಿನಕ್ಕೊಮ್ಮೆ ಮತ್ತು ಕಾಲು ಅಂಗುಲ ಮಳೆಯಾದ 24 ಗಂಟೆಯೊಳಗೆ ತಪಾಸಣೆ ನಡೆಸಿ ದಾಖಲಿಸಬೇಕು.

ಇದರಿಂದ ಕಾಮಗಾರಿ ತಡವಾಗುತ್ತದೆ, ಖರ್ಚು ಏರುತ್ತದೆ ಎಂಬ ಆಕ್ಷೇಪವಿದೆ. ಆದರೆ ಇದು ಎಲ್ಲರಿಗೂ ಒಂದೇ ಬಗೆಯ ಸಾಮಾನ್ಯ ಪರವಾನಗಿ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಂತೆ ಸಾಮಾನ್ಯವಾಗಿ ಹದಿನಾಲ್ಕು ದಿನ ಮುಂಚೆ ಸೂಚನಾಪತ್ರ ಸಲ್ಲಿಸಿದರೆ ಸಾಕು. ತಿಂಗಳುಗಟ್ಟಲೆ ನಡೆಯುವ ಕೆಲಸಕ್ಕೆ ಅದೇನೂ ಭಾರವಲ್ಲ. ಎಲ್ಲವೂ ಕಾಗದದಲ್ಲೇ ಉಳಿಯುತ್ತದೆ ಎಂಬ ದೂರಿನಲ್ಲಿ ಹೆಚ್ಚು ಹುರುಳಿದೆ. ಬಿದ್ದುಹೋದ ಬೇಲಿಯನ್ನು ಎತ್ತಿ ನಿಲ್ಲಿಸದೆ ತಪಾಸಣಾ ಪುಸ್ತಕದಲ್ಲಿ ಸಹಿ ಹಾಕುವುದು ಎಲ್ಲಿಯೂ ಸಾಧ್ಯ. ಅದಕ್ಕೆಂದೇ ಆ ಕಾಯ್ದೆ ಸಾಮಾನ್ಯ ನಾಗರಿಕರಿಗೂ ದಾವೆ ಹೂಡುವ ಹಕ್ಕು ಕೊಟ್ಟಿದೆ. 2025ರ ಮಾರ್ಚ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನೀರಿನ ಗುಣಮಟ್ಟ ಕೆಡಬಾರದು ಎಂಬಂಥ ಒಟ್ಟಾರೆ ಷರತ್ತನ್ನು ಇದೇ ಕಾಯ್ದೆಯ ಪರವಾನಗಿಗಳಲ್ಲಿ ಹಾಕುವಂತಿಲ್ಲ ಎಂದು 5-4 ಬಹುಮತದಿಂದ ಹೇಳಿತು. ಹಾಗಾಗಿ ಯಾರು ಏನು ಮಾಡಬೇಕು ಎಂಬುದನ್ನು ಪರವಾನಗಿಯಲ್ಲಿ ಬಿಡಿಸಿ ಬರೆಯುವುದು ಈಗ ಮೊದಲಿಗಿಂತಲೂ ಅಗತ್ಯ. ಅಗೆಯುವ ನೆಲದ ಮಿತಿಯನ್ನು ಇನ್ನೂ ಬಿಗಿ ಮಾಡಿದವರೂ ಇದ್ದಾರೆ: ನ್ಯೂಯಾರ್ಕ್ ನಗರ 2022ರಲ್ಲಿ ಅದನ್ನು 20,000 ಚದರಡಿಗೆ, ಅಂದರೆ ಅರ್ಧ ಎಕರೆಗೂ ಕೆಳಕ್ಕೆ ತಂದಿತು.

ನಮ್ಮಲ್ಲಿ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಕಟ್ಟಡ ಕಾಮಗಾರಿಗಳನ್ನು ಅಳೆಯುವುದು ನಿರ್ಮಿತ ವಿಸ್ತೀರ್ಣದಿಂದ: 20,000 ಚದರ ಮೀಟರಿನಿಂದ ಮೇಲಕ್ಕೆ. ಉದ್ಯಾನದಲ್ಲಿ ಅಷ್ಟು ಕಟ್ಟಡ ಎಲ್ಲಿರುತ್ತದೆ? ಹತ್ತಾರು ಎಕರೆ ಅಗೆದರೂ ಆ ಲೆಕ್ಕಕ್ಕೆ ಅದು ಸಿಗುವುದಿಲ್ಲ. ಬೆಂಗಳೂರಿನ ಮಳೆನೀರು ರಾಜಕಾಲುವೆ ಹಿಡಿದು ಒಂದು ಕೆರೆಯಿಂದ ಇನ್ನೊಂದಕ್ಕೆ ಇಳಿಯುವುದರಿಂದ ಮೇಲಿನ ಕಾಮಗಾರಿಯ ಹೂಳು ಕೆಳಗಿನ ಕೆರೆಯ ಪಾಲಾಗುತ್ತದೆ. ಆ ಹೂಳೆತ್ತಲು ಮತ್ತೆ ಸಾರ್ವಜನಿಕರ ಹಣವೇ ಬೇಕು. ಒಂದು ಎಕರೆಗಿಂತ ಹೆಚ್ಚು ನೆಲ ಅಗೆಯುವ ಪ್ರತಿ ಉದ್ಯಾನ ಮತ್ತು ಕೆರೆಯಂಗಳದ ಕಾಮಗಾರಿಗೂ ಮಣ್ಣು ತಡೆಯುವ ಯೋಜನೆಯನ್ನು ಟೆಂಡರಿನಲ್ಲೇ ಕಡ್ಡಾಯ ಮಾಡಬೇಕು. ಅದನ್ನು ಪರಿಶೀಲಿಸುವ ಹೊಣೆ ಕಾಮಗಾರಿ ಮಾಡಿಸುವ ಇಲಾಖೆಯ ಕೈಯಲ್ಲಿರಕೂಡದು.