ನಿಮಗಿದು ಗೊತ್ತೆ? ತೆಳ್ಳಗಿದ್ದರೂ ಒಳಗೆ ಕೊಬ್ಬು!

ಇಬ್ಬರು ವೈದ್ಯರು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಲೆಕ್ಕದಲ್ಲಿ ಇಬ್ಬರೂ ಸರಿಸಮ: 22.3. ಆದರೆ ಮೈಯ ಕೊಬ್ಬು ಅಳೆದಾಗ ಯುಡ್ಕಿನ್‌ ಅವರಲ್ಲಿ ಶೇ 9.1, ಯಾಜ್ಞಿಕ್‌ ಅವರಲ್ಲಿ ಶೇ 21.2! 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಇಬ್ಬರ ಫೋಟೊವನ್ನೇ ಅಚ್ಚು ಹಾಕಿತು.

ಭಾರತೀಯರ ಮೈಯಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು. ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುವುದೇ ಈ ಕೊಬ್ಬು. ಹಾಗಾಗಿ ತೂಕದ ಯಂತ್ರವೊಂದನ್ನೇ ನಂಬಬೇಡಿ, ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯದ ಗುರುತು. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರಂತೂ ‘ನಾನು ತೆಳ್ಳಗಿದ್ದೇನೆ’ ಎಂಬ ನೆಮ್ಮದಿ ಬೇಡವೇ ಬೇಡ.

ಈ ರೋಗ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೇ ಇರಬಲ್ಲದು. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ 126 ಮಿ.ಗ್ರಾಂ. ಮುಟ್ಟಿದರೆ, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ, ಅದು ಮಧುಮೇಹ. 100ರಿಂದ 125 ಇದ್ದರೆ ಹೊಸ್ತಿಲಲ್ಲಿದ್ದೀರಿ. ಈ ಹಂತದಲ್ಲೇ ಗೊತ್ತಾದವರು ನಡಿಗೆ, ಊಟದ ಹಿಡಿತದಿಂದಲೇ ಕಾಯಿಲೆಯನ್ನು ಎಷ್ಟೋ ವರ್ಷ ದೂರ ಇಟ್ಟಿದ್ದಾರೆ.