ಆಕ್ಸಿಟೋಸಿನ್ ಮತ್ತು ಆತಂಕದ ಮನೋಚಿಕಿತ್ಸೆ

ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳಿಂದ ರಚಿತವಾದ ಒಂದು ಹಾರ್ಮೋನು. ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿ ಉತ್ಪತ್ತಿಯಾಗಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುವ ಇದು ಹೆರಿಗೆಯ ಸಮಯದಲ್ಲಿ ಗರ್ಭಕೋಶದ ಸಂಕೋಚನಕ್ಕೂ ನಂತರ ಎದೆಹಾಲು ಹೊರಬರುವುದಕ್ಕೂ ಕಾರಣವಾಗುತ್ತದೆ. ತಾಯಿ-ಮಗುವಿನ ಬಾಂಧವ್ಯದಲ್ಲಿಯೂ ಇದರ ಪಾತ್ರವಿರುವುದರಿಂದ ಜನಪ್ರಿಯ ಬರಹಗಳು ಇದನ್ನು 'ಪ್ರೀತಿಯ ಹಾರ್ಮೋನು' ಎಂದು ಕರೆಯುತ್ತವೆ. ಈ ಹೆಸರು ಆಕರ್ಷಕವಾದರೂ ದಾರಿ ತಪ್ಪಿಸುವಂಥದ್ದು. ವಿನ್ಸೆಂಟ್ ಡು ವಿನ್ಯೋ ಇದನ್ನು 1953ರಲ್ಲಿ ಸಂಶ್ಲೇಷಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಊಹೆಯ ಹಿನ್ನೆಲೆ

ಆತಂಕದ ಕಾಯಿಲೆಗೆ ನೀಡುವ ಮಾತಿನ ಚಿಕಿತ್ಸೆಯಲ್ಲಿ ರೋಗಿಯು ತನ್ನ ಭಯಗಳನ್ನು ಚಿಕಿತ್ಸಕರ ಮುಂದೆ ಹೇಳಿಕೊಂಡು, ಅನಂತರ ಅವುಗಳನ್ನು ಹಂತಹಂತವಾಗಿ ಎದುರಿಸಬೇಕಾಗುತ್ತದೆ. ಪರಸ್ಪರ ನಂಬಿಕೆಯಿಲ್ಲದೆ ಇದು ಸಾಗುವುದಿಲ್ಲ. ಸಾಮಾಜಿಕ ಆತಂಕವುಳ್ಳವರಿಗಾದರೋ ಚಿಕಿತ್ಸಕರೇ ಮೊದಲ ಅಪರಿಚಿತರು. ಆಕ್ಸಿಟೋಸಿನ್ ಈ ನಂಬಿಕೆಯನ್ನು ಬೇಗ ಬೆಳೆಸಬಹುದೇ ಎಂಬ ಪ್ರಶ್ನೆಗೆ 2005ರ ಎರಡು ಅಧ್ಯಯನಗಳು ಬಲ ನೀಡಿದವು. ಮೂಗಿನ ಮೂಲಕ ಈ ಹಾರ್ಮೋನನ್ನು ಪಡೆದ ಪುರುಷರು ಹಣ ಹೂಡುವ ಆಟವೊಂದರಲ್ಲಿ ಅಪರಿಚಿತರನ್ನು ಹೆಚ್ಚು ನಂಬಿದರೆಂದು ಒಂದು ವರದಿ ತಿಳಿಸಿತು. ಭಯ ಹುಟ್ಟಿಸುವ ಚಿತ್ರಗಳಿಗೆ ಮಿದುಳಿನ ಅಮಿಗ್ಡಲ ತೋರುವ ಪ್ರತಿಕ್ರಿಯೆ ತಗ್ಗಿತೆಂದು ಇನ್ನೊಂದು ತಿಳಿಸಿತು. ಆದರೆ ನಂಬಿಕೆಯ ಕುರಿತ ಫಲಿತಾಂಶವು 2020ರಲ್ಲಿ ಪ್ರಕಟವಾದ, ಹೆಚ್ಚು ಜನರನ್ನು ಒಳಗೊಂಡ ಮರುಪ್ರಯೋಗದಲ್ಲಿ ದೃಢಪಡಲಿಲ್ಲ.

ಚಿಕಿತ್ಸೆಯಲ್ಲಿನ ಪ್ರಯೋಗಗಳು

2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಾಮಾಜಿಕ ಆತಂಕವುಳ್ಳ 25 ಜನರಿಗೆ ಭಯವನ್ನು ಎದುರಿಸುವ ಚಿಕಿತ್ಸೆಯೊಡನೆ ಆಕ್ಸಿಟೋಸಿನ್ ಅಥವಾ ಹುಸಿಮದ್ದನ್ನು ನೀಡಿದರು. ಹಾರ್ಮೋನು ಪಡೆದವರು ತಮ್ಮ ಭಾಷಣವನ್ನೂ ತಾವು ಇತರರಿಗೆ ಕಾಣುವ ಬಗೆಯನ್ನೂ ಹೆಚ್ಚು ಅನುಕೂಲಕರವಾಗಿ ಅಳೆದುಕೊಂಡರು. ಆದರೂ ಚಿಕಿತ್ಸೆಯ ಒಟ್ಟಾರೆ ಫಲ ಉತ್ತಮಗೊಳ್ಳಲಿಲ್ಲ. ಜೇಡದ ಭಯವುಳ್ಳವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಂತೂ ಚಿಕಿತ್ಸೆಗೆ ಮುನ್ನ ಆಕ್ಸಿಟೋಸಿನ್ ಪಡೆದವರ ಸುಧಾರಣೆಯೇ ಕಡಿಮೆಯಾಗಿತ್ತು.

ಇದಕ್ಕೆ ಒಂದು ಸಂಭಾವ್ಯ ವಿವರಣೆಯಿದೆ. ಭಯವು ಮೂಡಿ, ನಿರೀಕ್ಷಿಸಿದ ಕೇಡು ಸಂಭವಿಸದೆ, ಅದು ತಾನಾಗಿ ಇಳಿಯುವುದನ್ನು ಅನುಭವದಿಂದ ಕಲಿಯುವುದೇ ಇಂತಹ ಚಿಕಿತ್ಸೆಯ ತಿರುಳು. ಭಯವನ್ನು ಮೊದಲೇ ತಗ್ಗಿಸಿದರೆ ಈ ಕಲಿಕೆಗೆ ಅವಕಾಶ ಕುಗ್ಗಬಹುದು. ಮತ್ತೊಂದು ವಾದದ ಪ್ರಕಾರ ಆಕ್ಸಿಟೋಸಿನ್ ನಂಬಿಕೆಯನ್ನು ಹುಟ್ಟಿಸುವುದಿಲ್ಲ, ಎದುರಿಗಿರುವವರ ಮುಖಭಾವ ಮತ್ತು ದನಿಯತ್ತ ಗಮನವನ್ನು ತೀವ್ರಗೊಳಿಸುತ್ತದೆ. ಹಾಗಿದ್ದಲ್ಲಿ ಶಂಕೆಯುಳ್ಳವರಲ್ಲಿ ಶಂಕೆಯೇ ಬಲಗೊಳ್ಳುವ ಸಾಧ್ಯತೆಯೂ ಇದೆ.

ಮೂಗಿನ ಮೂಲಕ ನೀಡಿದ ಔಷಧದ ಎಷ್ಟು ಅಂಶ ಮಿದುಳನ್ನು ತಲುಪುತ್ತದೆ ಎಂಬುದು ವಿವಾದಿತ ವಿಷಯ. ಪ್ರಸೂತಿ ಚಿಕಿತ್ಸೆಯಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದಿನ ಬಳಕೆ ವ್ಯಾಪಕವಾಗಿದ್ದರೂ, ಆತಂಕದ ಕಾಯಿಲೆಗೆ ಇದು ಅಂಗೀಕೃತ ಔಷಧವಲ್ಲ.