ಎಂಜಿನ್ನಿಗೂ ಏದುಸಿರು!

ಮೊನ್ನೆ ಘಾಟಿ ರಸ್ತೆ ಹತ್ತುವಾಗ ಮೊಮ್ಮಗ ಕೇಳಿದ: "ತಾತ, ಕಾರಿಗೂ ಏದುಸಿರು ಬರುತ್ತಾ?" ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನಿಗೆ ಎಂಜಿನ್ ವಿಷಯ ಏನು ಗೊತ್ತು? ಮೆಕ್ಯಾನಿಕ್ ಹತ್ತಿರ ಕೇಳಿ ತಿಳಿದುಕೊಂಡೆ.

ಮಕ್ಕಳೇ, ಎಂಜಿನ್ ಕೂಡ ಉಸಿರಾಡುತ್ತದೆ. ಸಿಲಿಂಡರಿನ ಮೇಲ್ಭಾಗದಲ್ಲಿ ವಾಲ್ವ್ ಎಂಬ ಪುಟ್ಟ ಬಾಗಿಲುಗಳಿವೆ. ಕೆಲವು ಗಾಳಿಯನ್ನು ಒಳಗೆ ಬಿಡುತ್ತವೆ, ಕೆಲವು ಹೊಗೆಯನ್ನು ಹೊರಗೆ ಹಾಕುತ್ತವೆ. ಇವನ್ನು ತೆರೆಯುವುದು ಕ್ಯಾಮ್, ಅಂದರೆ ತಿರುಗುವ ಸರಳಿನ ಮೇಲಿನ ಮೊಟ್ಟೆಯಾಕಾರದ ಉಬ್ಬು. ಉಬ್ಬು ಎತ್ತರವಿದ್ದಷ್ಟೂ ಬಾಗಿಲು ಹೆಚ್ಚು ತೆರೆಯುತ್ತದೆ. ಇದೇ 'ಲಿಫ್ಟ್'.

ಒಂದು ಲೆಕ್ಕ. ಎಂಜಿನ್ ಎರಡು ಸುತ್ತು ತಿರುಗಿದಾಗ ವಾಲ್ವ್ ಒಮ್ಮೆ ತೆರೆಯುತ್ತದೆ. ನಿಮಿಷಕ್ಕೆ 6000 ಸುತ್ತಾದರೆ ಸೆಕೆಂಡಿಗೆ 50 ಸಲ!

ಪಿಂಚಣಿ ದಿನ ನಮ್ಮ ಬ್ಯಾಂಕಿನ ಬಾಗಿಲನ್ನು ಪೂರ್ತಿ ತೆರೆಯುತ್ತಿದ್ದೆವು; ಬೇರೆ ದಿನ ಅರ್ಧ ಸಾಕಿತ್ತು. ಎಂಜಿನ್ ಜೋರಾಗಿ ಓಡುವಾಗಲೂ ಹಾಗೆಯೇ, ಹೆಚ್ಚು ಗಾಳಿ ಬೇಕು. ಹಾಗಾದರೆ ಯಾವಾಗಲೂ ಅಗಲವಾಗಿ ತೆರೆದರಾಗದೇ? ಆಗದು. ನಿಧಾನವಾಗಿ ಓಡುವಾಗ ಸಣ್ಣ ಸಂದಿಯಲ್ಲಿ ಗಾಳಿ ರಭಸದಿಂದ ನುಗ್ಗಿ ಪೆಟ್ರೋಲಿನೊಡನೆ ಚೆನ್ನಾಗಿ ಬೆರೆಯುತ್ತದೆ. ಅಗಲವಾಗಿ, ಹೆಚ್ಚು ಹೊತ್ತು ತೆರೆದರೆ ಒಂದಿಷ್ಟು ಗಾಳಿ ಬಂದ ದಾರಿಗೇ ವಾಪಸು, ಎಂಜಿನ್ ತಡವರಿಸುತ್ತದೆ.

1989ರಲ್ಲಿ ಜಪಾನಿನ ಹೋಂಡಾ ಕಂಪನಿ ಇಂಟೆಗ್ರಾ ಕಾರಿನಲ್ಲಿ 'ವಿಟೆಕ್' ಏರ್ಪಾಡು ತಂದಿತು. ಜೋಡಿ ವಾಲ್ವಿಗೆ ಮೂರು ಉಬ್ಬು, ಮೂರು ಪುಟ್ಟ ತೋಳು. ನಿಧಾನದಲ್ಲಿ ಅಕ್ಕಪಕ್ಕದ ಗಿಡ್ಡ ಉಬ್ಬುಗಳು ಕೆಲಸ ಮಾಡುತ್ತವೆ. ನಡುವಿನ ಎತ್ತರದ ಉಬ್ಬಿನ ತೋಳು ಸುಮ್ಮನೆ ಆಡುತ್ತಿರುತ್ತದೆ. ವೇಗ ಏರಿದಾಗ ಕಾರಿನ ಕಂಪ್ಯೂಟರ್ ಎಂಜಿನ್ ಆಯಿಲಿಗೆ ದಾರಿ ಬಿಡುತ್ತದೆ. ಆಯಿಲಿನ ಒತ್ತಡ ಒಂದು ಪಿನ್ನನ್ನು ಅಗುಳಿಯಂತೆ ತಳ್ಳಿ ಮೂರೂ ತೋಳುಗಳನ್ನು ಸೇರಿಸುತ್ತದೆ. ಆಮೇಲೆ ಎತ್ತರದ ಉಬ್ಬಿನದೇ ಯಜಮಾನಿಕೆ! ವೇಗ ಇಳಿದಾಗ ಸ್ಪ್ರಿಂಗ್ ಅಗುಳಿಯನ್ನು ಹಿಂದೆ ತಳ್ಳುತ್ತದೆ. ಹೀಗೆ 1.6 ಲೀಟರಿನ ಆ ಎಂಜಿನ್ 160 ಅಶ್ವಶಕ್ತಿ ಕೊಟ್ಟಿತು. 2001ರಲ್ಲಿ ಜರ್ಮನಿಯ ಬಿಎಂಡಬ್ಲ್ಯೂ ತಂದ 'ವಾಲ್ವೆಟ್ರಾನಿಕ್' ಇನ್ನೊಂದು ಹೆಜ್ಜೆ ಮುಂದೆ: ಅಲ್ಲಿ ವಿದ್ಯುತ್ ಮೋಟಾರು ಲಿಫ್ಟನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚುಕಡಿಮೆ ಮಾಡುತ್ತದೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಾಲ್ಕು ಕಾಸು ಉಳಿಸಲು ಎರಡು ಸಲ ಆಯಿಲ್ ಬದಲಿಸುವುದನ್ನು ಮುಂದೂಡಿದ್ದೆ. ಮೆಕ್ಯಾನಿಕ್ ಬಟ್ಟೆಗೆ ಒರೆಸಿ ತೋರಿಸಿದಾಗ ಅದು ಡಾಂಬರಿನಂತಿತ್ತು. "ಆಯಿಲ್ ಗಸಿಗಟ್ಟಿದರೆ ಸಣ್ಣ ದಾರಿಗಳು ಮುಚ್ಚಿ ಆ ಪಿನ್ನೇ ಸರಿಯಾಗಿ ಸರಿಯೋದಿಲ್ಲ ಸಾರ್" ಎಂದರು.

ಅದನ್ನು ಕೇಳಿಸಿಕೊಂಡ ಮೊಮ್ಮಗ ಕ್ಯಾಲೆಂಡರಿನಲ್ಲಿ ನನ್ನ ಬಿಪಿ ಮಾತ್ರೆ ತರುವ ತಾರೀಖಿನ ಕೆಳಗೆ ಕಾರಿನ ಆಯಿಲ್ ತಾರೀಖನ್ನೂ ಬರೆದಿಟ್ಟಿದ್ದಾನೆ. ಇಬ್ಬರದೂ ಉಸಿರಿನ ಪ್ರಶ್ನೆ ತಾನೇ!